ಬಸವನಗುಡಿಯಲ್ಲಿ ಎರಡು ಸುತ್ತು

ನನ್ನ ಊರು ಕುಂದಾಪುರದ ಕಡೆಯ ವಂಡ್ಸೆ. ಹೆಮ್ಮಾಡಿಯಲ್ಲಿ ಹೆದ್ದಾರಿಯನ್ನು ಬಿಟ್ಟು ಕೊಲ್ಲೂರಿನ ದಾರಿ ಹಿಡಿದರೆ ಸಿಕ್ಕುವ ಪೇಟೆ. ಮೂಕಾಂಬಿಕೆಯ ದರ್ಶನಕ್ಕೆ ಆ ದಾರಿಯಾಗಿ ಹೋದವರೆಲ್ಲ ನಮ್ಮೂರನ್ನು ದಾಟಿದ್ದೀರಿ. ಕಂಡಿದ್ದೀರಿ ಎಂದು ಮಾತ್ರ ಹೇಳಲಾರೆ. ಕಾರಿನವರಿಗೆ ವಂಡ್ಸೆ ಎರಡು ನಿಮಿಷದ ಊರು. ದೂರೆಂದು ಇದನ್ನು ಹೇಳುತ್ತಿಲ್ಲ. ಈಚೆಗೆ ಬೆಂಗಳೂರಿನ ಬಸವನಗುಡಿಯಲ್ಲಿ ನಾನೂ ಅದೇ ತಪ್ಪು ಮಾಡಿದೆ. ಆ ಕಥೆಯನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಕಡೆಯ ಹುಡುಗರು ಘಟ್ಟ ಹತ್ತಿ ಹೋಟೆಲು ಸೇರುವುದು ಹಳೆಯ ಸಂಗತಿ. ಪಾರಂಪಳ್ಳಿಯ ಮಯ್ಯ ಸೋದರರು 1924ರಲ್ಲಿ ತೆರೆದ ಹೋಟೆಲೇ ಮುಂದೆ ಮಾವಳ್ಳಿ ಟಿಫನ್ ರೂಮ್ ಎಂದು ಹೆಸರಾಯಿತು. ಗಾಂಧಿಬಜಾರಿನ ವಿದ್ಯಾರ್ಥಿ ಭವನವನ್ನು 1943ರಲ್ಲಿ ಆರಂಭಿಸಿದವರು ಸಾಲಿಗ್ರಾಮದ ಉರಾಳರು. 1972ರಲ್ಲಿ ಹದಿನಾಲ್ಕರ ಹುಡುಗನಾಗಿ ನಾನು ಅದೇ ಬಡಾವಣೆಯ ಬೇರೊಂದು ಚಿಕ್ಕ ಹೋಟೆಲಿಗೆ ಸೇರಿದೆ. ಬೆಳಗಾಗುವ ಮೊದಲೇ ಸೈಕಲ್ಲಿನಲ್ಲಿ ಗಾಂಧಿಬಜಾರಿಗೆ ಹೋಗಿ ಬಾಳೆಲೆ, ಕೊತ್ತಂಬರಿ, ತೆಂಗಿನಕಾಯಿ ತರುವುದು ನನ್ನ ಪಾಲಿನ ಕೆಲಸ. ಸೀಟಿನ ಮೇಲೆ ಕುಳಿತರೆ ಕಾಲು ಎಟುಕದು. ಒಳಪೆಡಲು ತುಳಿದೇ ಆ ಬೀದಿಗಳನ್ನು ಕಲಿತೆ. ಕೆಲವು ವರ್ಷ ದುಡಿದು ಊರಿಗೆ ಮರಳಿ ಅಂಗಡಿ ಇಟ್ಟುಕೊಂಡೆ.

ನನ್ನ ತಂಗಿಯ ಮಗಳನ್ನು ಕೊಟ್ಟಿರುವುದು ಅದೇ ಬಸವನಗುಡಿಗೆ. ಹಂಚಿನ ಮನೆ, ಮುಂದೆ ಜಗುಲಿ, ಹಿತ್ತಲಲ್ಲಿ ಬಾವಿ. ಕಳೆದ ವರ್ಷ ಒಬ್ಬ ಕಟ್ಟಡದವನು ಬಂದು, ಮನೆ ಕೆಡವಿ ನಾಲ್ಕು ಅಂತಸ್ತು ಏರಿಸುತ್ತೇನೆ, ಎರಡು ನಿಮಗೆ ಎರಡು ನನಗೆ ಎಂದನಂತೆ. "ಮಾವ, ನೀವೊಮ್ಮೆ ಬಂದು ನೋಡಿ ಹೇಳಿ" ಎಂದು ಅವಳು ಕರೆದಳು. ಹಿರಿಯನೆಂಬ ಮರ್ಯಾದೆಗೆ ಕರೆದಳೋ, ಹೊಣೆ ಹೊರಿಸಲು ಕರೆದಳೋ, ಅಂತೂ ಹೋದೆ.

ಮೊದಲ ದಿನ ಅಳಿಯ ತನ್ನ ಕಾರಿನಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದ. 2017ರಲ್ಲಿ ಆರಂಭವಾದ ನ್ಯಾಷನಲ್ ಕಾಲೇಜಿನ ಮೆಟ್ರೋ ನಿಲ್ದಾಣ ತೋರಿಸಿದ. ಗಾಜು ಹೊದ್ದ ಬಟ್ಟೆಯಂಗಡಿಗಳನ್ನೂ ಬಣ್ಣದ ಎತ್ತರದ ಮನೆಗಳನ್ನೂ ತೋರಿಸಿದ. ಕಿಟಕಿ ಮುಚ್ಚಿತ್ತು, ಒಳಗೆ ತಂಪು. ಗಾಂಧಿಬಜಾರಿನಲ್ಲಿ ಕಾರು ಆಮೆಯಾಯಿತು. 2022ರ ಕೊನೆಗೆ ಶುರುವಾದ ಕೆಲಸದಲ್ಲಿ ಅಲ್ಲಿ ಕಾಲುದಾರಿಯನ್ನು ಅಗಲ ಮಾಡಿ ವಾಹನದ ದಾರಿಯನ್ನು ಕಿರಿದು ಮಾಡಿದ್ದಾರೆ. ಅಳಿಯ ಗೊಣಗಿದ, ನಾನೂ ತಲೆದೂಗಿದೆ. ರಾತ್ರಿ ಊಟಕ್ಕೆ ಕುಳಿತಾಗ, "ಕೊಟ್ಟುಬಿಡಿ, ಎಲ್ಲರೂ ಕೊಟ್ಟಿದ್ದಾರಲ್ಲ" ಎಂದೆ. ಅವಳ ಅತ್ತೆ, ಎಂಬತ್ತು ದಾಟಿದವರು, ಏನೂ ಮಾತಾಡದೆ ಮಜ್ಜಿಗೆ ಕುಡಿದು ಎದ್ದರು.

ಮರುದಿನ ಐದಕ್ಕೇ ಎಚ್ಚರವಾಯಿತು. ಮೊಮ್ಮಗನ ಸೈಕಲ್ಲು ಗೋಡೆಗೆ ಒರಗಿತ್ತು. ಹತ್ತಿಯೇಬಿಟ್ಟೆ. ರಾಮಕೃಷ್ಣಾಶ್ರಮದಿಂದ ದೊಡ್ಡ ಬಸವಣ್ಣನ ಕಡೆಗೆ ರಸ್ತೆ ಏರುತ್ತದೆಂಬುದನ್ನು ಕಾರು ನನಗೆ ಹೇಳಿರಲೇ ಇಲ್ಲ, ಮೊಣಕಾಲು ಹೇಳಿತು. ಇಳಿದು ತಳ್ಳಿದೆ. ತಳ್ಳುವವನಿಗೆ ಅಕ್ಕಪಕ್ಕದ ಮನೆಗಳು ಕಾಣುತ್ತವೆ.

1898ರ ಪ್ಲೇಗಿನ ತರುವಾಯ, ಗಾಳಿ ಬೆಳಕು ಆಡಲೆಂದು ಗೆರೆ ಎಳೆದು ಕಟ್ಟಿಸಿದ ಬಡಾವಣೆ ಇದು, ಮಲ್ಲೇಶ್ವರವೂ ಹಾಗೆಯೇ. ಮನೆಗಳ ಬೆನ್ನಿಗೆ ಜಾಡಮಾಲಿಗಳು ಓಡಾಡಲೆಂದು ಕಿರುಓಣಿಗಳನ್ನು ಬಿಟ್ಟಿದ್ದರು. ಮುಂಬಾಗಿಲಿಗೆ ಬರಗೊಡದವರಿಗೆ ಹಿಂದಿನ ದಾರಿ. ಅದರಲ್ಲಿ ಹೆಮ್ಮೆಪಡುವಂಥದೇನೂ ಇಲ್ಲ. ಆದರೆ ಅಂಥ ಓಣಿಯೊಳಗೆ ಕಾರು ಹೋಗದು, ಸೈಕಲ್ಲು ಹೋಗುತ್ತದೆ. ಹೋದೆ. ಹಳೆಯ ಮನೆಗಳ ಹಿತ್ತಲಲ್ಲಿ ತೆಂಗು, ತುಳಸಿ, ಒಗೆಯುವ ಕಲ್ಲು. ಹೊಸ ಕಟ್ಟಡಗಳ ಹಿಂದೆ ನೀರೆತ್ತುವ ಮೋಟಾರಿನ ಸದ್ದು.

ಅಡ್ಡರಸ್ತೆಗೆ ಬಂದಾಗ ಸೊಪ್ಪಿನವಳು ಕೂಗುತ್ತಿದ್ದಳು, ಆಕಾಶ ನೋಡಿಕೊಂಡು! ಮೂರನೆಯ ಅಂತಸ್ತಿನಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯಿತು. ಅದರಲ್ಲಿ ಹಣ, ಇವಳು ಹಾಕಿದ್ದು ದಂಟಿನ ಸೊಪ್ಪು. ಬುಟ್ಟಿ ಏರಿತು. ಇಳಿಸಿದ ಕೈ ನನಗೂ ಕಾಣಲಿಲ್ಲ, ಅವಳಿಗೂ ಕಾಣಲಿಲ್ಲ. ಆಗ ಎಣಿಸತೊಡಗಿದೆ. ಆ ಒಂದೇ ರಸ್ತೆಯಲ್ಲಿ ಹೊಸ ಕಟ್ಟಡ ಒಂಬತ್ತು. ಒಂಬತ್ತರಲ್ಲಿಯೂ ನೆಲದ ಮೇಲೆ ವಾಸ ಮಾಡುವುದು ಕಾರು, ಮನುಷ್ಯರು ಮೇಲೆ.

ಗಾಂಧಿಬಜಾರಿನಲ್ಲಿ, ನಿನ್ನೆ ನಾನು ಗೊಣಗಿದ ಅದೇ ಅಗಲವಾದ ಕಾಲುದಾರಿಯ ಪಕ್ಕ ಸೈಕಲ್ಲು ನಿಲ್ಲಿಸಿ ದಣಿವಾರಿಸಿಕೊಂಡೆ. ದಿನಸಿ ಅಂಗಡಿಯವನು ನನ್ನ ಮಾತಿನ ಧಾಟಿ ಕೇಳಿ, "ಹ್ವಾಯ್, ನಿಮ್ದ್ ಊರ್ ಎಲ್ಲಾಯ್ತ್?" ಎಂದ. ವಂಡ್ಸೆ ಎಂದೆ. "ಹಂಗಾರೆ ಕೂಕಣಿ, ನಂದ್ ಚಿತ್ತೂರ್" ಎಂದು ಸ್ಟೂಲು ಎಳೆದ. ಚಿತ್ತೂರೆಂದರೆ ನಮ್ಮ ನೆರೆಯ ಊರು. ಮೊದಲೆಲ್ಲ ಗಿರಾಕಿಗಳ ಮನೆಯ ಕಷ್ಟಸುಖ ತನಗೆ ಗೊತ್ತಿತ್ತು, ಈಗ ಫೋನು ಬರುತ್ತದೆ, ಹುಡುಗ ಸಾಮಾನು ಮುಟ್ಟಿಸುತ್ತಾನೆ, ಕೆಲವರ ಮುಖವನ್ನೇ ಕಂಡಿಲ್ಲ ಎಂದ. ವ್ಯಾಪಾರ ಕಡಮೆಯಾಗಿದೆಯೇ ಎಂದರೆ, ಇಲ್ಲವಂತೆ, ಹೆಚ್ಚಿದೆಯಂತೆ.

ಮನೆಗೆ ಮರಳಿದಾಗ ಆ ವೃದ್ಧೆ ಜಗುಲಿಯಲ್ಲಿ ಕುಳಿತು ಹೂವಿನವಳೊಡನೆ ಒಂದು ಮೊಳ ಮಲ್ಲಿಗೆಗೆ ಚೌಕಾಸಿ ಮಾಡುತ್ತಿದ್ದರು. ಚೌಕಾಸಿ ನೆಪ. ಹೂವಿನವಳ ಮಗಳ ಬಾಣಂತನದ ವಿಚಾರಣೆ ನಡೆದಿತ್ತು.

ರಾತ್ರಿಯ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. ಮನೆ ಕೊಡಬೇಡಿ ಎನ್ನಲು ನನಗೆ ಬಾಯಿಲ್ಲ. ಹಂಚು ಸೋರುತ್ತದೆ, ಅಳಿಯನಿಗೆ ಸಾಲವಿದೆ. ಆದರೆ ಕಟ್ಟಿಸುವುದಾದರೆ ನೆಲದ ಮೇಲೆ, ಬೀದಿಗೆ ಮುಖವಾಗಿ, ಒಂದು ಕೋಣೆ ಮತ್ತು ಜಗುಲಿ ಅಮ್ಮನಿಗೆ ಇರಲಿ, ಒಂದು ಕಾರು ಕಡಮೆಯಾದರೂ ಚಿಂತೆಯಿಲ್ಲ ಎಂದೆ. ಕಾರು ನಿಲ್ಲಿಸಲು ಇಷ್ಟು ಜಾಗ ಬಿಡಲೇಬೇಕೆಂಬ ನಿಯಮವಿದೆ ಎಂದು ಅಳಿಯನ ವಾದ. ನಿಯಮ ಕಾರಿಗೆ ಇದೆ, ಅಮ್ಮನಿಗೆ ಇಲ್ಲವೇ ಎಂದು ಅವನ ಹೆಂಡತಿ ಕೇಳಿದಳು. ಕಟ್ಟಡದವನು ಹೊಸ ನಕ್ಷೆ ಬರೆದು ತರುತ್ತೇನೆಂದು ಹೋಗಿದ್ದಾನೆ. ನಾನು ಊರಿಗೆ ಹೊರಡುವ ತನಕ ತಂದಿರಲಿಲ್ಲ.

ಬಸ್ಸಿಗೆ ಹೊರಟಾಗ ಆಕೆ ಜಗುಲಿಯಿಂದಲೇ, "ಇನ್ನೊಮ್ಮೆ ಬರುವಾಗ ಮೊದಲು ಸೈಕಲ್ ಹತ್ತಿ, ಆಮೇಲೆ ಮಾತಾಡಿ" ಎಂದರು. ಅಳಿಯ ಕಾರಿನ ಬಾಗಿಲು ತೆರೆದು ನಿಂತಿದ್ದ.