ನೆರೆಯ ಎರಡು ರಾಜ್ಯಗಳ ಬಾಳುವೆ



ಒಂದು ಮನೆ ಸುಖವಾದ ಸಂಸಾರವೋ ಅಲ್ಲವೋ ಎಂದು ತಿಳಿಯಬೇಕಾದರೆ ನಾವು ಏನನ್ನು ನೋಡುತ್ತೇವೆ? ಯಜಮಾನನ ಸಂಪಾದನೆಯನ್ನು ಕೇಳುವವರುಂಟು. ಜಗುಲಿಯ ಅಂದವನ್ನು ನೋಡಿ ಮೆಚ್ಚುವವರುಂಟು. ಆದರೆ ಆ ಮನೆಗೆ ಹೆಣ್ಣು ಕೊಡಲು ಬಂದ ಹಿರಿಯರು ಅಷ್ಟಕ್ಕೇ ತೃಪ್ತರಾಗುವುದಿಲ್ಲ. ಮಕ್ಕಳು ಓದುತ್ತಿರುವರೆ, ಬಾಣಂತಿಗೆ ಆರೈಕೆ ನಡೆಯುವುದೆ, ಪಂಕ್ತಿಯ ಕೊನೆಯಲ್ಲಿ ಕುಳಿತವರಿಗೂ ಮೊದಲಲ್ಲಿ ಕುಳಿತವರಂತೆಯೇ ಬಡಿಸುವರೆ ಎಂದು ಅವರು ವಿಚಾರಿಸುತ್ತಾರೆ. ರಾಜ್ಯಗಳನ್ನು ಹೋಲಿಸುವಾಗಲೂ ಇದೇ ವಿವೇಕ ಬೇಕು. ಈ ಹೊತ್ತು ಕರ್ಣಾಟಕವನ್ನೂ ನೆರೆಯ ಕೇರಳವನ್ನೂ ಈ ದೃಷ್ಟಿಯಿಂದ ಅಕ್ಕಪಕ್ಕದಲ್ಲಿಟ್ಟು ನೋಡೋಣ.

ಮೊದಲು ಸಂಪಾದನೆಯ ಮಾತು. ಇದರಲ್ಲಿ ಕರ್ಣಾಟಕ ತಲೆತಗ್ಗಿಸಬೇಕಾದುದಿಲ್ಲ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ೧೯೧೬ರಲ್ಲಿ ಮೈಸೂರಿನ ವಿಶ್ವವಿದ್ಯಾನಿಲಯ ಹುಟ್ಟಿತು. ೧೯೨೩ರಲ್ಲಿ ಭದ್ರಾವತಿಯ ಕಬ್ಬಿಣದ ಕುಲುಮೆ ಹೊತ್ತಿತು. ಅಂದು ಬಿತ್ತಿದ ಬೀಜಗಳ ಫಲ ಇಂದಿನ ಬೆಂಗಳೂರಿನ ಸಂಪತ್ತಿನಲ್ಲಿಯೂ ಸೇರಿದೆ. ಕೇರಳವಾದರೋ ಇಕ್ಕಟ್ಟಿನ ನಾಡು. ೨೦೧೧ರ ಜನಗಣತಿಯಲ್ಲಿ ಒಂದು ಚದರ ಕಿಲೋಮೀಟರಿಗೆ ಅಲ್ಲಿ ೮೬೦ ಜನರಿದ್ದರೆ ನಮ್ಮಲ್ಲಿ ೩೧೯ ಮಾತ್ರ. ಓದಿದ ತರುಣರಿಗೆಲ್ಲ ಅಲ್ಲಿ ಉದ್ಯೋಗ ಸಾಲದು. ಅವರು ಕೊಲ್ಲಿಯ ನಾಡುಗಳಿಗೂ ನಮ್ಮ ಬೆಂಗಳೂರಿಗೂ ಹೊಟ್ಟೆಯ ಪಾಡಿಗಾಗಿ ಹೊರಡುತ್ತಾರೆ. ಇತ್ತೀಚಿನ ವರ್ಷಗಳ ಸರ್ಕಾರಿ ಲೆಕ್ಕದಂತೆ ತಲಾ ವರಮಾನದಲ್ಲಿ ನಾವೇ ಮುಂದು.

ಇನ್ನು ಒಳಮನೆಗೆ ಹೋಗೋಣ. ಅದೇ ಜನಗಣತಿಯಲ್ಲಿ ಓದುಬರಹ ಬಲ್ಲವರು ಕೇರಳದಲ್ಲಿ ನೂರಕ್ಕೆ ೯೪, ಕರ್ಣಾಟಕದಲ್ಲಿ ೭೫. ಹೆಂಗಸರನ್ನು ಮಾತ್ರ ಎಣಿಸಿದರೆ ಅಲ್ಲಿ ೯೨, ಇಲ್ಲಿ ೬೮. ಹುಟ್ಟಿದ ಸಾವಿರ ಕೂಸುಗಳಲ್ಲಿ ವರ್ಷ ತುಂಬುವುದರೊಳಗೆ ತೀರಿಕೊಂಡವು ೨೦೨೦ರ ಸರ್ಕಾರಿ ಅಂದಾಜಿನಂತೆ ಕೇರಳದಲ್ಲಿ ೬, ಕರ್ಣಾಟಕದಲ್ಲಿ ೧೯. ಇಡೀ ದೇಶದ ಸರಾಸರಿ ೨೮ ಆಗಿದ್ದುದರಿಂದ ನಮ್ಮದು ಕಡೆಯ ಸ್ಥಾನವೇನೂ ಅಲ್ಲ. ಆದರೂ, ಹೆಚ್ಚು ಗಳಿಸುವ ಮನೆಯಲ್ಲಿ ಸಾವಿರಕ್ಕೆ ಹದಿಮೂರು ತೊಟ್ಟಿಲುಗಳು ಹೆಚ್ಚಾಗಿ ಬರಿದಾದುವೆಂಬುದನ್ನು ಯಾವ ವರಮಾನದ ಲೆಕ್ಕವೂ ಮುಚ್ಚಲಾರದು.

ಇದಕ್ಕೆ ಕಾರಣವೇನು? ಕೇರಳದ ಪುಣ್ಯ ಹಳೆಯದು ಎಂದು ಹೇಳುವುದು ವಾಡಿಕೆ. ಆ ಮಾತಿನಲ್ಲಿ ಸತ್ಯವುಂಟು. ಪ್ರಜೆಗಳ ವಿದ್ಯೆಯ ವೆಚ್ಚವನ್ನು ಸರ್ಕಾರವೇ ವಹಿಸಬೇಕೆಂದು ತಿರುವಾಂಕೂರಿನ ರಾಣಿಯ ಆಜ್ಞೆ ಹೊರಟದ್ದು ೧೮೧೭ರಲ್ಲಿ. ಮುಂದೆ ನಾರಾಯಣಗುರುಗಳೂ ಅಯ್ಯಂಕಾಳಿಯವರೂ ಶಾಲೆಯ ಬಾಗಿಲನ್ನು ಕೆಳಗಿಟ್ಟ ಜನರಿಗೆ ತೆರೆಯಿಸಲು ಹೋರಾಡಿದರು. ಆದರೆ ಮೈಸೂರು ಸಂಸ್ಥಾನವೂ ಹಿಂದುಳಿದುದಾಗಿರಲಿಲ್ಲ. ಇಲ್ಲಿ ಪ್ರಜಾಪ್ರತಿನಿಧಿ ಸಭೆ ಕೂಡಿದ್ದು ೧೮೮೧ರಲ್ಲಿ. ಆದಕಾರಣ ರಾಜರ ಪುಣ್ಯವೊಂದರಿಂದಲೇ ಈ ಅಂತರವನ್ನು ವಿವರಿಸಲಾಗದು.

ಕತೆಯ ತಿರುವು ಇರುವುದು ೧೯೫೬ರ ನವೆಂಬರ್ ೧ರಲ್ಲಿ. ಅಂದು ಎರಡು ರಾಜ್ಯಗಳೂ ಒಂದೇ ಬಗೆಯ ಹೊಣೆಯನ್ನು ಹೊತ್ತುವು. ತಿರುವಾಂಕೂರು ಕೊಚ್ಚಿಗಳಿಗೆ ಮದರಾಸಿನ ಆಡಳಿತದಲ್ಲಿದ್ದ ಮಲಬಾರು ಸೇರಿತು. ಶಾಲೆ ಆಸ್ಪತ್ರೆಗಳಲ್ಲಿ ಅದು ದಕ್ಷಿಣದ ಭಾಗಕ್ಕಿಂತ ಬಹಳ ಹಿಂದೆ ಬಿದ್ದಿತ್ತು. ಮೈಸೂರಿಗೆ ಇತರ ಕನ್ನಡ ಸೀಮೆಗಳ ಜೊತೆಗೆ ಹೈದರಾಬಾದಿನಿಂದ ಕಲಬುರಗಿ, ರಾಯಚೂರು, ಬೀದರುಗಳು ಬಂದುವು. ನಿಜಾಮರ ಆಳ್ವಿಕೆಯಲ್ಲಿ ಅಲ್ಲಿ ಕನ್ನಡದ ವಿದ್ಯೆಗೆ ಆಸರೆ ತೀರ ಕಡಮೆಯಿತ್ತು. ಮುಂದುವರಿದ ಅಣ್ಣನೊಬ್ಬ, ಹಿಂದುಳಿದ ತಮ್ಮನೊಬ್ಬ: ಎರಡು ಮನೆಗಳಲ್ಲಿಯೂ ಇದೇ ಸ್ಥಿತಿ.

ಐವತ್ತೈದು ವರ್ಷಗಳ ಮೇಲೆ ಏನಾಯಿತು? ೨೦೧೧ರಲ್ಲಿ ಕೇರಳದ ಅಕ್ಷರಸ್ಥರ ಪಟ್ಟಿಯ ಕೊನೆಗಿದ್ದುವು ವಯನಾಡು, ಪಾಲಕ್ಕಾಡು ಜಿಲ್ಲೆಗಳು. ಎರಡರಲ್ಲಿಯೂ ನೂರಕ್ಕೆ ಸುಮಾರು ೮೯. ಕರ್ಣಾಟಕದ ಪಟ್ಟಿಯ ಮೊದಲಿಗಿದ್ದುದು ದಕ್ಷಿಣ ಕನ್ನಡ. ಅಲ್ಲಿಯೂ ಸುಮಾರು ೮೯. ಅವರ ಏಣಿಯ ಕೆಳಗಿನ ಮೆಟ್ಟಿಲು ನಮ್ಮ ಏಣಿಯ ಮೇಲಿನ ಮೆಟ್ಟಿಲಾಯಿತು. ನಮ್ಮ ಕೆಳಗಿನ ಮೆಟ್ಟಿಲಾದ ಯಾದಗಿರಿ ಜಿಲ್ಲೆಯಲ್ಲಿ ಆ ಸಂಖ್ಯೆ ೫೨ನ್ನು ಮುಟ್ಟಲಿಲ್ಲ.

ಕೇರಳ ಮಾಡಿದ್ದು ಮಾಯವಿದ್ಯೆಯಲ್ಲ. ಮಲಬಾರಿನ ಹಳ್ಳಿಗಳಿಗೆ ಶಾಲೆಗಳೂ ಆಸ್ಪತ್ರೆಗಳೂ ಹೋದುವು. ೧೯೭೦ರ ಜನವರಿ ೧ರಿಂದ ಜಾರಿಯಾದ ಭೂಸುಧಾರಣೆಯಿಂದ ಕೂಲಿಯವನಿಗೆ ತನ್ನ ಗುಡಿಸಲಿನ ನೆಲವಾದರೂ ದಕ್ಕಿತು. ೧೯೪೫ರಲ್ಲಿ ತಿರುವಾಂಕೂರಿನಲ್ಲಿ ಹುಟ್ಟಿದ ಗ್ರಂಥಾಲಯ ಸಂಘದ ಚಳವಳಿ ಹಳ್ಳಿಗಳಲ್ಲಿ ವಾಚನಾಲಯಗಳನ್ನು ಹರಡಿತು. ಅಕ್ಷರ ಬಲ್ಲ ತಾಯಿ ಕೂಸಿಗೆ ಜ್ವರ ಬಂದ ದಿನವೇ ವೈದ್ಯನನ್ನು ಅರಸುತ್ತಾಳೆ. ಪತ್ರಿಕೆ ಓದುವ ಊರು, ವೈದ್ಯನಿಲ್ಲದ ಆಸ್ಪತ್ರೆಯನ್ನು ಕಂಡು ಸುಮ್ಮನಿರುವುದಿಲ್ಲ.

ಕೇರಳವನ್ನು ಸ್ವರ್ಗವೆಂದು ಬಣ್ಣಿಸುವುದು ನನ್ನ ಉದ್ದೇಶವಲ್ಲ. ಮಕ್ಕಳು ದೂರದೇಶದಲ್ಲಿರಲು ಬೀಗದ ಕೈಯನ್ನು ಕಾಯುತ್ತ ಕುಳಿತ ವೃದ್ಧರು ಅಲ್ಲಿ ಬಹಳ. ೨೦೧೩ರಲ್ಲಿ ಪಾಲಕ್ಕಾಡಿನ ಅಟ್ಟಪ್ಪಾಡಿಯಲ್ಲಿ ಗಿರಿಜನರ ಕೂಸುಗಳು ಪೋಷಣೆಯಿಲ್ಲದೆ ಸತ್ತ ಸುದ್ದಿ ದೇಶವನ್ನೆಲ್ಲ ನೋಯಿಸಿತು. ಪಂಕ್ತಿಯ ಕೊನೆಯ ಎಲೆ ಅಲ್ಲಿಯೂ ಬರಿದಾಗಿಯೇ ಉಳಿದಿತ್ತು. ಯಾವ ಅಳತೆಯಿಂದ ನಾವು ಅವರನ್ನು ಹೊಗಳುತ್ತೇವೆಯೋ ಅದೇ ಅಳತೆಯಿಂದ ಅವರನ್ನು ಪ್ರಶ್ನಿಸಲೂ ಬೇಕು.

ನಮ್ಮ ರಾಜ್ಯಕ್ಕೂ ತನ್ನ ಕೊರತೆಯ ಅರಿವಿಲ್ಲದೆ ಇಲ್ಲ. ೨೦೦೨ರಲ್ಲಿ ನಂಜುಂಡಪ್ಪನವರ ಸಮಿತಿ ೧೭೫ ತಾಲ್ಲೂಕುಗಳಲ್ಲಿ ೧೧೪ನ್ನು ಹಿಂದುಳಿದುವೆಂದೂ ಅವುಗಳಲ್ಲಿ ೩೯ನ್ನು ಅತ್ಯಂತ ಹಿಂದುಳಿದುವೆಂದೂ ಎಣಿಸಿ ಹೇಳಿತು. ೨೦೧೩ರಿಂದ ಕಲಬುರಗಿಯ ಕಡೆಯ ಜಿಲ್ಲೆಗಳಿಗೆ ಸಂವಿಧಾನದ ೩೭೧ (ಜೆ) ವಿಧಿಯ ವಿಶೇಷ ಸೌಲಭ್ಯ ದೊರೆತಿದೆ. ವರದಿಯೂ ಬಂದಿತು, ವಿಧಿಯೂ ಬಂದಿತು. ಆದರೆ ವಿಧಿ ತಾನೇ ಎದ್ದು ಹೋಗಿ ಮಗುವಿಗೆ ಅಕ್ಷರ ಕಲಿಸದು, ಬಾಣಂತಿಯ ನಾಡಿ ಹಿಡಿಯದು. ಅದಕ್ಕೆ ಮನುಷ್ಯರು ಬೇಕು.

ಆ ಮನುಷ್ಯರು ಯಾರ ಮನೆಯವರು? ಉಪಾಧ್ಯಾಯರು, ವೈದ್ಯರು, ಇಂಜಿನಿಯರರು ಬಹುಮಟ್ಟಿಗೆ ನಮ್ಮಂಥ ನಗರವಾಸಿಗಳ ಮಕ್ಕಳೇ ಅಲ್ಲವೆ? ಸುರಪುರಕ್ಕೋ ದೇವದುರ್ಗಕ್ಕೋ ವರ್ಗವಾಯಿತೆಂದರೆ ಶಿಕ್ಷೆಯಾಯಿತೆಂದು ಮರುಗುವವರೂ, ಅದನ್ನು ತಪ್ಪಿಸಲು ಶಿಫಾರಸು ಹುಡುಕುವವರೂ ನಾವೇ. ಆಮೇಲೆ ಕೇರಳದ ಅಂಕಿಗಳನ್ನು ಓದಿ ನಿಟ್ಟುಸಿರು ಬಿಡುವವರೂ ನಾವೇ. ಈ ರಾತ್ರಿ ಊಟಕ್ಕೆ ಕುಳಿತಾಗ, ಮನೆಯಲ್ಲಿ ಅಂಥ ವರ್ಗದ ಆಜ್ಞೆ ಬಂದರೆ ನಾವು ಏನು ಹೇಳುವೆವೆಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ. ರಾಜ್ಯದ ಬಾಳುವೆಯ ಅಳತೆ ಆ ಉತ್ತರದಿಂದಲೇ ಮೊದಲಾಗುತ್ತದೆ.