ಜೋಗದ ಇರುವೆ ಮತ್ತು ಆಯುಷ್ಯದ ತೂಬು

(ಗಾಜನೂರಿನಲ್ಲಿ ವಿದ್ಯಾರ್ಥಿಗಳು ಹಾಗೂ ಸುತ್ತಲಿನ ಗ್ರಾಮಸ್ಥರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ತಳಿವಿಜ್ಞಾನದ ಹೊಸ ಶೋಧಗಳ ಕುರಿತು ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ತುಂಗೆಯ ದಂಡೆಯಲ್ಲಿ ಕುಳಿತವರಿಗೆ ನ್ಯೂಯಾರ್ಕಿನ ಪ್ರಯೋಗಶಾಲೆಯ ಸುದ್ದಿ ಏತಕ್ಕೆ ಎಂದು ನಿಮಗೆ ಅನ್ನಿಸಿದರೆ ಅದು ಸಹಜವೇ. ಆದರೆ ನಾನಿಂದು ಹೇಳಲಿರುವ ಕಥೆಯ ನಾಯಕಿ ನಮ್ಮ ಜಿಲ್ಲೆಯ ಮಣ್ಣಿನವಳು.

ಮೊದಲು ಒಂದು ಮಾತು. ಬ್ಯಾಕ್ಟೀರಿಯದಿಂದ ಆನೆಯವರೆಗೆ ಎಲ್ಲ ಜೀವಿಗಳ ಆನುವಂಶಿಕ ಬರಹವೂ ಡಿಎನ್‌ಎ ಎಂಬ ಒಂದೇ ಲಿಪಿಯಲ್ಲಿದೆ. ಆದ್ದರಿಂದ ಸುಲಭವಾಗಿ ಸಾಕಬಹುದಾದ ಪುಟ್ಟ ಜೀವಿಯೊಂದನ್ನು ಆಳವಾಗಿ ಓದಿದರೆ ಉಳಿದವುಗಳ ಗುಟ್ಟೂ ಕೊಂಚ ತಿಳಿಯುತ್ತದೆ. ಇಂಥವನ್ನು ಮಾದರಿ ಜೀವಿಗಳೆನ್ನುತ್ತಾರೆ. ಬಾಳೆಹಣ್ಣಿನ ಮೇಲೆ ಮುತ್ತುವ ಹಣ್ಣುನೊಣ ಅವುಗಳಲ್ಲೊಂದು. 1910ರಲ್ಲಿ ಮಾರ್ಗನ್ ಎಂಬ ವಿಜ್ಞಾನಿ ಅದರ ಬಿಳಿಗಣ್ಣಿನ ತಳಿಯಿಂದಲೇ ಜೀನ್‌ಗಳು ವರ್ಣತಂತುಗಳ ಮೇಲಿರುತ್ತವೆಂದು ತೋರಿಸಿದ ದಾರಿ ಹಿಡಿದದ್ದು. ಮಣ್ಣಿನಲ್ಲಿ ಬದುಕುವ ಒಂದು ಮಿಲಿಮೀಟರ್ ಉದ್ದದ ದುಂಡುಹುಳು ಇನ್ನೊಂದು. 1993ರಲ್ಲಿ ಸಿಂಥಿಯಾ ಕೆನ್ಯನ್ ಮತ್ತು ಸಂಗಡಿಗರು ಈ ಹುಳುವಿನ ಒಂದೇ ಜೀನ್ ಬದಲಾದರೆ ಅದರ ಆಯುಷ್ಯ ಎರಡು ಪಟ್ಟಾಗುವುದನ್ನು ಕಂಡರು. ಆ ಜೀನ್ ಇನ್ಸುಲಿನ್ ಸಂದೇಶವನ್ನು ಗ್ರಹಿಸುವಂಥದ್ದೆಂದು ಬಳಿಕ ತಿಳಿಯಿತು. ಇದನ್ನು ನೆನಪಿನಲ್ಲಿಡಿ.

ಈಗ ನಮ್ಮ ಇರುವೆಗೆ ಬರೋಣ. ಇದು ಚಟ್ನಿಗೆ ಒದಗುವ ಚಗಳಿಯಲ್ಲ, ಮನೆಯ ಗೊದ್ದವೂ ಅಲ್ಲ. ದೊಡ್ಡ ಕಣ್ಣು, ಮುಂದಕ್ಕೆ ಚಾಚಿದ ಉದ್ದನೆಯ ದವಡೆ, ಸಾಲುಗಟ್ಟದೆ ಒಂಟಿಯಾಗಿ ಬೇಟೆಯಾಡುವ ಸ್ವಭಾವ, ಬೇಟೆ ಕಂಡರೆ ಒಂದೇ ನೆಗೆತ. ಹಾರ್ಪೆಗ್ನಾಥಸ್ ಸಾಲ್ಟೇಟರ್ ಎಂದು 1851ರಲ್ಲಿ ಜೆರ್ಡನ್ ಇದಕ್ಕೆ ಹೆಸರಿಟ್ಟ. 1990ರ ದಶಕದಲ್ಲಿ ಜೋಗದ ಸುತ್ತ ಕ್ರಿಶ್ಚಿಯನ್ ಪೀಟರ್ಸ್, ಬರ್ಟ್ ಹೋಲ್ಡೋಬ್ಲರ್ ಮೊದಲಾದವರು, ಬೆಂಗಳೂರಿನ ಕೀಟತಜ್ಞ ಮುಸ್ತಾಕ್ ಅಲಿಯವರೊಂದಿಗೆ, ಇದರ ಗೂಡುಗಳನ್ನು ಅಭ್ಯಸಿಸಿದರು. ಮರಿಗಳು ಬಿಟ್ಟುಹೋದ ಕೋಶದ ಚೂರುಗಳನ್ನು ಒಳಗೋಡೆಗೆ ಹೊದಿಸಿ, ಮಳೆನೀರು ನುಗ್ಗದಂತೆ ಕಟ್ಟಿದ ಕೋಣೆ ಅದು. ಮಲೆನಾಡಿನ ಆಷಾಢವನ್ನು ಬಲ್ಲ ಶಿಲ್ಪಿಯ ಕೆಲಸ!

ಇದರ ವಿಶೇಷ ಬೇರೆಡೆ ಇದೆ. ಹೆಚ್ಚಿನ ಇರುವೆಗಳಲ್ಲಿ ರಾಣಿ ರಾಣಿಯೇ, ಆಳು ಆಳೇ. ಇಲ್ಲಿ ಹಾಗಲ್ಲ. ರಾಣಿ ಸತ್ತರೆ ಕೆಲಸಗಾರ ಇರುವೆಗಳು ಮೀಸೆಯಿಂದ ಮೀಸೆಗೆ ಬಡಿಯುತ್ತ ವಾರಗಟ್ಟಲೆ ದ್ವಂದ್ವಕ್ಕೆ ನಿಲ್ಲುತ್ತವೆ. ಗೆದ್ದ ಕೆಲವು ಮೊಟ್ಟೆಯಿಡತೊಡಗುತ್ತವೆ. ಡಿಎನ್‌ಎ ಬರಹದಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ; ಯಾವ ಜೀನ್ ಮಾತನಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದಷ್ಟೇ ಬದಲಾಗುತ್ತದೆ. ಅಂಡಾಶಯ ಹಿಗ್ಗುತ್ತದೆ, ಮಿದುಳು ಸುಮಾರು ಐದನೆಯ ಒಂದು ಭಾಗದಷ್ಟು ಕುಗ್ಗುತ್ತದೆ. ಗೂಡಿನೊಳಗೇ ಕುಳಿತವಳಿಗೆ ಬೇಟೆಯ ಬುದ್ಧಿ ಏಕೆ ಬೇಕು? ಆದರೆ ಅವಳನ್ನು ಪಟ್ಟದಿಂದ ಇಳಿಸಿ ಮತ್ತೆ ದುಡಿಮೆಗೆ ಮರಳಿಸಿದರೆ ಮಿದುಳು ಪುನಃ ಬೆಳೆಯುತ್ತದೆ. 2021ರಲ್ಲಿ ಪ್ರಕಟವಾದ ಈ ಶೋಧ ನನಗಂತೂ ಎಲ್ಲಕ್ಕಿಂತ ಬೆರಗಿನದು.

ಇದಕ್ಕೂ ಮುಂಚೆ, 2010ರಲ್ಲಿ, ಡ್ಯಾನಿ ರೈನ್‌ಬರ್ಗ್, ಶೆಲ್ಲಿ ಬರ್ಗರ್, ಯುರ್ಗೆನ್ ಲೀಬಿಗ್ ಅವರ ತಂಡಗಳು ಇದರ ಸುಮಾರು 33 ಕೋಟಿ ಅಕ್ಷರಗಳ ಜೀನೋಮನ್ನು ಓದಿದ್ದರು. ಜೀನೋಮ್ ಓದಲಾದ ಮೊದಲ ಎರಡು ಇರುವೆಗಳಲ್ಲಿ ನಮ್ಮದೊಂದು. 2017ರಲ್ಲಿ ಜೀನ್ ಕತ್ತರಿಸುವ ಕ್ರಿಸ್ಪರ್ ತಂತ್ರದಿಂದ ವಾಸನೆ ಗ್ರಹಿಸಲು ಬೇಕಾದ ಒಂದು ಜೀನನ್ನು ಕೆಡಿಸಿ ನೋಡಿದರು. ಆ ಇರುವೆಗಳು ಬಳಗವನ್ನೇ ಮರೆತು ಗೂಡಿನಿಂದಾಚೆ ಅಲೆದವು. ಸಮಾಜವೆಂಬುದು ಅವುಗಳಿಗೆ ವಾಸನೆಯಲ್ಲಿದೆ.

ಇನ್ನು ಆಯುಷ್ಯದ ವಿಷಯ. ಕೆಲಸಗಾರ ಇರುವೆ ಬದುಕುವುದು ಏಳು ತಿಂಗಳು. ಮೊಟ್ಟೆಯಿಡುವ ಸ್ಥಾನಕ್ಕೇರಿದರೆ ಅದೇ ಇರುವೆ ನಾಲ್ಕು ವರ್ಷ ಬದುಕಬಲ್ಲದು. ಇಲ್ಲೊಂದು ತೊಡಕಿತ್ತು. ಮೊಟ್ಟೆ ಬೆಳೆಯಲು ಇನ್ಸುಲಿನ್ ಹೆಚ್ಚು ಬೇಕು. ಆದರೆ ದುಂಡುಹುಳುವಿನ ಪಾಠದಂತೆ ಇನ್ಸುಲಿನ್ ಸಂದೇಶ ಕಡಿಮೆಯಾದರೆ ತಾನೇ ಆಯುಷ್ಯ ಹೆಚ್ಚುವುದು? ಉತ್ತರ 2022ರಲ್ಲಿ ಸಿಕ್ಕಿತು. ನಮ್ಮ ಅಣೆಕಟ್ಟಿನಿಂದ ಎಡದಂಡೆ, ಬಲದಂಡೆಯೆಂದು ಎರಡು ನಾಲೆಗಳು ಹೊರಟಂತೆ ಇನ್ಸುಲಿನ್ ಸಂದೇಶವೂ ಜೀವಕೋಶದೊಳಗೆ ಎರಡು ಕವಲಾಗಿ ಹರಿಯುತ್ತದೆ. ಒಂದು ಮೊಟ್ಟೆಯನ್ನು ಬೆಳೆಸುತ್ತದೆ. ಇನ್ನೊಂದು ಮುಪ್ಪನ್ನು ಹತ್ತಿರ ತರುತ್ತದೆ. ಬೆಳೆದ ಅಂಡಾಶಯವೇ ಒಂದು ಪ್ರೋಟೀನನ್ನು ಸ್ರವಿಸಿ ಎರಡನೆಯ ನಾಲೆಯ ತೂಬನ್ನು ಮುಚ್ಚುತ್ತದೆ. ಸಂತಾನವೂ ಉಂಟು, ದೀರ್ಘಾಯುಷ್ಯವೂ ಉಂಟು. ಮನುಷ್ಯರಲ್ಲಿಯೂ ಈ ಎರಡು ಕವಲುಗಳಿವೆ. ಹಾಗೆಂದು ನಾಳೆಯೇ ಚಿರಂಜೀವಿ ಮಾತ್ರೆ ಅಂಗಡಿಗೆ ಬರುತ್ತದೆಂದು ಯಾರೂ ಕಾಯಬೇಕಾಗಿಲ್ಲ.

ಈ ಪ್ರಯೋಗಗಳಿಗೆ ಒದಗಿದ ಇರುವೆಗಳ ಮೂಲ 1990ರ ದಶಕದಲ್ಲಿ ಕರ್ನಾಟಕದಿಂದ ಒಯ್ದ ಗೂಡುಗಳು. ಜರ್ಮನಿಗೆ, ಅಲ್ಲಿಂದ ಅಮೆರಿಕಕ್ಕೆ ಅವುಗಳ ಸಂತತಿ ಸಾಗಿತು. ಕದ್ದೊಯ್ದರೆಂದು ನಾನು ಹೇಳುತ್ತಿಲ್ಲ. ನಮ್ಮ ಜೀವವೈವಿಧ್ಯ ಕಾಯಿದೆ ಬಂದದ್ದೇ 2002ರಲ್ಲಿ. ಇಂದು ವಿದೇಶೀಯರು ಇಲ್ಲಿಯ ಜೀವಿಗಳನ್ನು ಸಂಶೋಧನೆಗೆ ಪಡೆಯಬೇಕಾದರೆ ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು, ಮತ್ತು ಪ್ರಾಧಿಕಾರವು ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಯೊಡನೆ ಸಮಾಲೋಚಿಸಬೇಕು. ಅಂದರೆ ನಿಮ್ಮ ಪಂಚಾಯಿತಿಯ ಸಮಿತಿಯೊಡನೆ! ಕೇಳಿದಾಗ ಹೇಳಲು ಆ ಸಮಿತಿಗೆ ಏನು ಗೊತ್ತಿದೆ? ಜನತಾ ದಾಖಲಾತಿಯಲ್ಲಿ ಔಷಧಿ ಗಿಡ, ಭತ್ತದ ತಳಿ, ಅಪ್ಪೆಮಿಡಿ ಬರೆದರೆ ನಮಗೆ ತೃಪ್ತಿ. ಇರುವೆಯನ್ನು ಯಾರು ಬರೆಯುತ್ತಾರೆ? ಜೀನೋಮ್ ಗಣಕದಲ್ಲಿ ಭದ್ರವಾಗಿದೆ. ಆದರೆ ಗೂಡಿರುವುದು ಮಣ್ಣಿನಲ್ಲಿ, ಜೆಸಿಬಿ ಹಲ್ಲಿಗೆ ಸಿಕ್ಕುವಷ್ಟೇ ಆಳದಲ್ಲಿ. ಗಣಕದಲ್ಲಿರುವ ಅಕ್ಷರಗಳು ದ್ವಂದ್ವಕ್ಕೆ ನಿಲ್ಲುವುದಿಲ್ಲ, ಗೋಡೆಗೆ ರೇಷ್ಮೆ ಹೊದಿಸುವುದಿಲ್ಲ.

ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಕಾಡಂಚಿನ ದಾರಿಯಲ್ಲಿ, ತೋಟದ ಬದಿಯಲ್ಲಿ, ಒಂಟಿಯಾಗಿ ತಿರುಗುವ, ನೆರಳು ಬಿದ್ದೊಡನೆ ನಿಮ್ಮತ್ತ ತಿರುಗಿ ನೋಡುವ ಉದ್ದ ದವಡೆಯ ಇರುವೆ ಕಂಡರೆ ಸ್ಥಳ, ದಿನಾಂಕ, ಹೊತ್ತು, ಸುತ್ತಲಿನ ಮರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅದರ ಪ್ರತಿಯನ್ನು ಪಂಚಾಯಿತಿಯ ಸಮಿತಿಗೆ ಕೊಟ್ಟು, ಸ್ವೀಕೃತಿ ಪಡೆಯಿರಿ. ಗೂಡನ್ನು ಅಗೆಯಬೇಡಿ. ಕೈಯಲ್ಲಿ ಹಿಡಿಯಲೂ ಹೋಗಬೇಡಿ. ಅದಕ್ಕೆ ಕೊಂಡಿಯಿದೆ, ಕುಟುಕುತ್ತದೆ.