ಪರದೇಶದಲ್ಲಿ ಮಿತ್ರನೊಡನೆ ಒಂದು ದಿನ

(ಕನ್ನಡ ಸಂಘವೊಂದರ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಪರದೇಶವಾಸದ ಅನುಭವವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಸಂಘದ ಕಾರ್ಯದರ್ಶಿಗಳು ನಮಗೆ ಅಪ್ಪಣೆ ಮಾಡಿರುವರು. ಲಂಡನ್ ಪಟ್ಟಣದಲ್ಲಿ ಹತ್ತು ವರ್ಷ ವಕೀಲಿ ಕೆಲಸದಲ್ಲಿದ್ದು ಬಂದವರಿಂದ ಅಲ್ಲಿಯ ನ್ಯಾಯಾಲಯಗಳ, ಪಾರ್ಲಿಮೆಂಟಿನ, ಪೇಟೆಗಳ ವರ್ಣನೆಯನ್ನು ತಾವು ನಿರೀಕ್ಷಿಸುವದು ಸಹಜ. ಆದರೆ ಅವೆಲ್ಲವೂ ಪುಸ್ತಕಗಳಲ್ಲಿ ಸಿಕ್ಕುವವು. ಪುಸ್ತಕದಲ್ಲಿ ಸಿಕ್ಕದ ಒಂದೇ ಒಂದು ದಿನದ ಸಂಗತಿಯನ್ನು ಇಂದು ತಮ್ಮ ಮುಂದೆ ಇಡಲು ಬಯಸುತ್ತೇವೆ. ಹತ್ತು ವರ್ಷಗಳಲ್ಲಿ ನಮಗೆ ತಿಳಿಯದಿದ್ದುದು ಆ ಒಂದು ದಿನದಲ್ಲಿ ತಿಳಿಯಿತು.

ನಮ್ಮ ಹಳೆಯ ಮಿತ್ರರೊಬ್ಬರು ಕಾಸರಗೋಡು ತಾಲೂಕಿನ ಹಳ್ಳಿಯವರು. ಕನ್ನಡ ಶಾಲೆಯ ಮಾಸ್ತರರು. ಧಾರವಾಡದಲ್ಲಿ ಓದುವಾಗ ನಾವಿಬ್ಬರೂ ಎರಡು ವರ್ಷ ಒಂದೇ ಖೋಲಿಯಲ್ಲಿದ್ದೆವು. ಅವರಿಗೆ ರೊಟ್ಟಿ ತಿನ್ನುವದನ್ನು ನಾವು ಕಲಿಸಿದೆವು. ಗಂಜಿಗೆ ಮಿಡಿಯುಪ್ಪಿನಕಾಯಿ ನಂಜಿಕೊಳ್ಳುವದನ್ನು ಅವರು ನಮಗೆ ಕಲಿಸಿದರು. ಓದು ಮುಗಿದ ವರ್ಷ ಒಂದು ಸಂಜೆ ಸಾಧನಕೇರಿಯ ದಂಡೆಯಲ್ಲಿ ಕುಳಿತಾಗ ನಾವು ಅವರಿಗೆ ಒಂದು ಮಾತು ಕೊಟ್ಟಿದ್ದೆವು: "ನೀನು ಊರಿಗೆ ಹೋಗಿ ಮಕ್ಕಳಿಗೆ ಕನ್ನಡ ಕಲಿಸು. ನಾನು ಕಾನೂನು ಕಲಿತು ಬಂದು ನಿಮ್ಮೂರ ಕನ್ನಡದ ಖಟ್ಲೆಯನ್ನು ನಡೆಸುತ್ತೇನೆ." ಅವರು ಊರಿಗೆ ಹೋದರು, ಮಕ್ಕಳಿಗೆ ಕನ್ನಡ ಕಲಿಸಿದರು. ನಾವು ಕಾನೂನು ಕಲಿತೆವು, ವಿಲಾಯತಿಗೆ ಹೋದೆವು. ಹದಿನೆಂಟು ವರ್ಷಗಳು ಹೀಗೆಯೇ ಕಳೆದುಹೋದವು.

ಆಮೇಲೊಂದು ದಿನ ಅವರ ಕಾಗದ ಬಂದಿತು. ಮಗಳು ಇಂಗ್ಲಂಡಿನ ಉತ್ತರ ಭಾಗದಲ್ಲಿ ದಾದಿಯ ಕೆಲಸಕ್ಕೆ ಸೇರಿರುವಳೆಂದೂ, ಅವಳನ್ನು ನೋಡಲು ಬರುವದಾಗಿಯೂ, ದಾರಿಯಲ್ಲಿ ಒಂದು ಹಗಲು ಒಂದು ರಾತ್ರಿ ನಮ್ಮಲ್ಲಿ ಇಳಿಯುವದಾಗಿಯೂ ಬರೆದಿದ್ದರು. ಮಿತ್ರರು ಬರುವರೆಂಬ ಸಂತೋಷದೊಡನೆ ಕೊಟ್ಟ ಮಾತಿನ ನೆನಪೂ ಬಂದಿತು. ಸಂತೋಷವನ್ನು ಮನೆಯವರಿಗೆ ಹೇಳಿದೆವು, ನೆನಪನ್ನು ಹೇಳಲಿಲ್ಲ.

ವಿಮಾನ ನಿಲ್ದಾಣದಲ್ಲಿ ಮಿತ್ರರು ನಮ್ಮನ್ನು ಕಂಡೊಡನೆ, "ಎಂಥ ಮಾರಾಯಾ, ಕೂದಲೆಲ್ಲ ಎಲ್ಲಿಗೆ ಹೋಯಿತು?" ಎಂದು ಗಟ್ಟಿಯಾಗಿ ಕೇಳಿದರು. ಹದಿನೆಂಟು ವರ್ಷಗಳ ಸಂಕೋಚ ಆ ಒಂದು ಮಾತಿನಿಂದ ಹರಿದುಹೋಯಿತು. ಅವರ ಕೈಯಲ್ಲಿ ಸಣ್ಣದೊಂದು ಚೀಲ. ಅದರೊಳಗೆ ನಮಗಾಗಿ ಹಲಸಿನ ಹಪ್ಪಳದ ಕಟ್ಟು. ಆ ಕಟ್ಟಿನ ಕೆಳಗೆ ಇನ್ನೊಂದು ವಸ್ತುವಿತ್ತು. ಅದರ ಸಂಗತಿ ಮುಂದೆ ಬರುವದು.

ಪರದೇಶದಲ್ಲಿರುವವರಿಗೆ ಒಂದು ದುರಭ್ಯಾಸವುಂಟು. ಊರಿನಿಂದ ಯಾರಾದರೂ ಬಂದರೆ ಆ ಪಟ್ಟಣವನ್ನೆಲ್ಲ ತಾವೇ ಕಟ್ಟಿಸಿದವರಂತೆ ತೋರಿಸುತ್ತ ತಿರುಗುವರು. ನಾವೂ ಅರಮನೆ, ಗೋಪುರ, ಗಡಿಯಾರಗಳ ದೊಡ್ಡ ಯಾದಿಯನ್ನು ಸಿದ್ಧ ಮಾಡಿಟ್ಟಿದ್ದೆವು. ಮಿತ್ರರು ಅದನ್ನು ನೋಡಿ ಮಡಿಸಿ ನಮ್ಮ ಕಿಸೆಯಲ್ಲಿಯೇ ಇಟ್ಟರು. "ಇಷ್ಟು ದೂರ ಬಂದದ್ದು ಇವರ ಮನೆ ನೋಡಲಿಕ್ಕಲ್ಲ. ನಮ್ಮ ಮನೆಯದ್ದು ಇಲ್ಲಿ ಏನಿದೆಯೋ ಅದನ್ನು ತೋರಿಸು" ಎಂದರು.

ಅದರಂತೆ ಮೊದಲು ದಕ್ಷಿಣ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅಲ್ಲಿ ಟೀಪು ಸುಲ್ತಾನನ ಮರದ ಹುಲಿ ಇದೆ. ಕೆಳಗೆ ಬಿದ್ದ ಯುರೋಪಿಯನನ ಕೊರಳಿಗೆ ಹುಲಿ ಬಾಯಿ ಹಾಕಿದೆ. ಹಿಡಿಕೆಯನ್ನು ತಿರುಗಿಸಿದರೆ ಬಿದ್ದವನ ಕೈ ಮೇಲಕ್ಕೆದ್ದು ಇಳಿಯುವಂತೆಯೂ, ನರಳುವ ಸದ್ದು ಹೊರಡುವಂತೆಯೂ ಒಳಗೆ ಯಂತ್ರವನ್ನಿಟ್ಟಿರುವರು. ಹುಲಿಯ ಪಕ್ಕೆಯಲ್ಲಿ ವಾದ್ಯದ ಕೊಳವೆಗಳೂ ಇವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರ ಸೈನ್ಯ ಅದನ್ನು ಹಿಡಿದು ತಂದಿತು. ಈಗ ಅದು ಗಾಜಿನ ಪೆಟ್ಟಿಗೆಯೊಳಗೆ ಮೌನವಾಗಿ ನಿಂತಿದೆ. ಟೀಪುವಿನ ವಿಷಯದಲ್ಲಿ ಮೈಸೂರಿನವರ ನೆನಪು ಬೇರೆ, ಕೊಡಗು ಕರಾವಳಿಗಳವರ ನೆನಪು ಬೇರೆ. ಆ ವಾದವನ್ನು ನಾವು ಇಲ್ಲಿ ಎತ್ತುವದಿಲ್ಲ. ಮಿತ್ರರು ಹುಲಿಯನ್ನು ಬಹಳ ಹೊತ್ತು ನೋಡಿ, "ನಮ್ಮ ಬೇಕಲದ ಕೋಟೆಯೂ ಇದೇ ವರ್ಷದಲ್ಲಿಯೇ ಅಲ್ಲವೇ ಕಂಪನಿಯ ಕೈಗೆ ಬಿದ್ದದ್ದು?" ಎಂದು ಕೇಳಿದರು.

ಆ ಪ್ರಶ್ನೆಯೇ ನಮ್ಮನ್ನು ಮುಂದಿನ ಸ್ಥಳಕ್ಕೆ ಕರೆದೊಯ್ದಿತು. ಇದೇ ಹುಲಿಯನ್ನು ಮೊದಲು ಇಟ್ಟಿದ್ದುದು ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಕಂಪನಿಯ ಮನೆಯಲ್ಲಿ. ನೆಲದಡಿಯ ರೈಲು ಹತ್ತಿ ಆ ಬೀದಿಗೆ ಹೋದೆವು. ಕಂಪನಿಯ ಮನೆಯನ್ನು 1861ರಲ್ಲಿ ಕೆಡವಿದರು. ಆ ಜಾಗದಲ್ಲಿ ಈಗ ವಿಮೆಯ ವ್ಯಾಪಾರದ ಉಕ್ಕಿನ ಕಟ್ಟಡವೊಂದು ನಿಂತಿದೆ. ಅದರ ಕೊಳವೆಗಳೂ ಮೆಟ್ಟಿಲುಗಳೂ ಕರುಳು ಹೊರಬಿದ್ದಂತೆ ಹೊರಗೇ ಇವೆ. ಹಣವಂತರು ಅವಸರದಿಂದ ಓಡಾಡುತ್ತಿದ್ದರು. ನಾವಿಬ್ಬರೂ ಬೀದಿಯ ಅಂಚಿನಲ್ಲಿ ನಿಂತು ಬೆರಳು ಮಡಚಿ ಲೆಕ್ಕ ಹಾಕಿದೆವು. 1799ರಲ್ಲಿ ಕೆನರಾ ಜಿಲ್ಲೆ ಕಂಪನಿಯ ಕೈಸೇರಿತು, ಮೈಸೂರು ಅರಸರಿಗೆ ಉಳಿಯಿತು. 1800ರಲ್ಲಿ ನಿಜಾಮನು ಬಳ್ಳಾರಿಯ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟನು. 1818ರಲ್ಲಿ ಪೇಶವೆಯವರ ರಾಜ್ಯದೊಡನೆ ನಮ್ಮ ಧಾರವಾಡವೂ ಹೋಯಿತು. ಆಮೇಲೆ ಕೆನರಾವನ್ನೇ ಎರಡು ಹೋಳು ಮಾಡಿ, 1862ರಲ್ಲಿ ಉತ್ತರದ್ದನ್ನು ಮುಂಬಯಿಗೆ ಸೇರಿಸಿ ದಕ್ಷಿಣದ್ದನ್ನು ಮದ್ರಾಸಿಗೆ ಇಟ್ಟರು. ಅಣ್ಣನ ಮಕ್ಕಳು ಮುಂಬಯಿಯ ದಫ್ತರದಲ್ಲಿ, ತಮ್ಮನ ಮಕ್ಕಳು ಮದ್ರಾಸಿನ ದಫ್ತರದಲ್ಲಿ! ಈ ಹೋಳುಗಳನ್ನು ಮತ್ತೆ ಕೂಡಿಸಲು ಆಲೂರ ವೆಂಕಟರಾಯರಂಥವರು ಆಯುಷ್ಯವನ್ನೇ ಸವೆಸಬೇಕಾಯಿತು.

"1956ರ ನವೆಂಬರ್ 1ಕ್ಕೆ ಅಂತೂ ಕೂಡಿದೆವಲ್ಲ" ಎಂದೆವು.

"ನೀವು ಕೂಡಿದಿರಿ" ಎಂದರು ಮಿತ್ರರು. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ.

ಮಹನೀಯರೇ, ಆ ಮಾತು ನಮ್ಮ ಎದೆಗೆ ನಾಟಿತು. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತೆಂಬುದು ನಮಗೆ ತಿಳಿಯದ ಸಂಗತಿಯಲ್ಲ. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿದುದೂ, ಆ ವರದಿ ಕಪಾಟಿನಲ್ಲಿಯೇ ಉಳಿದುದೂ ನಮಗೆ ತಿಳಿದಿತ್ತು. ಆದರೆ ತಿಳಿದಿರುವದು ಬೇರೆ, ನೆನೆಯುವದು ಬೇರೆ. ಮಂಜೇಶ್ವರದ ಗೋವಿಂದ ಪೈಗಳನ್ನು ನೋಡಿರಿ. 1949ರಲ್ಲಿ ಮದ್ರಾಸು ಸರಕಾರ ಅವರನ್ನು ರಾಷ್ಟ್ರಕವಿಯೆಂದು ಮನ್ನಿಸಿತು. 1963ರಲ್ಲಿ ಅವರು ತೀರಿಕೊಳ್ಳುವಾಗ ಅವರ ಊರು ಕೇರಳ ರಾಜ್ಯದಲ್ಲಿತ್ತು. ಊರು ಎಲ್ಲಿಗೂ ಹೋಗಲಿಲ್ಲ. ಗಡಿಯೇ ಅದನ್ನು ದಾಟಿಹೋಯಿತು.

ಸಂಜೆ ಥೇಮ್ಸ್ ನದಿಯ ದಂಡೆಗೆ ಬಂದೆವು. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬಲ್ಲಿ ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಭಾರತದ ಪ್ರಧಾನ ಮಂತ್ರಿಗಳು ಅದನ್ನು ಅನಾವರಣ ಮಾಡಿದರು. ನದಿಯ ಆಚೆಗೆ ಪಾರ್ಲಿಮೆಂಟಿನ ಗೋಪುರಗಳು ಕಾಣುವವು. ಕಲ್ಯಾಣದ ಮಂತ್ರಿಯು ಇಂಗ್ಲಿಷರ ಮಂತ್ರಿಗಳ ಮನೆಗೆ ಎದುರಾಗಿರುವದನ್ನು ಕಂಡು ನಮಗೆ ಯಾವಾಗಲೂ ಹೆಮ್ಮೆಯೆನಿಸುತ್ತಿತ್ತು. ಮಿತ್ರರು ಕಾಲ್ಮರೆಗಳನ್ನು ಬಿಟ್ಟು, ಒದ್ದೆ ಹುಲ್ಲಿನ ಮೇಲೆ ನಿಂತು ಕೈಮುಗಿದರು. ಅನಾವರಣದ ವರ್ಷವನ್ನು ಕೇಳಿದೊಡನೆ, "ಅದೇ ವರ್ಷ ಆಗಸ್ಟಿನಲ್ಲಿ ನಮ್ಮ ಕಯ್ಯಾರರು ಹೋದರು" ಎಂದರು. ಕಯ್ಯಾರ ಕಿಞ್ಞಣ್ಣ ರೈಗಳು ಅವರಂತೆಯೇ ಶಾಲೆಯ ಮಾಸ್ತರರು. ಕಾಸರಗೋಡು ಕನ್ನಡನಾಡಿಗೆ ಸೇರಬೇಕೆಂದು ಹೋರಾಡುತ್ತ ನೂರು ವರ್ಷ ತುಂಬಿ, ಆ ಆಸೆ ಕೈಗೂಡದೆ ತೀರಿಕೊಂಡವರು. ಕನ್ನಡದ ಬಸವಣ್ಣನವರಿಗೆ ಲಂಡನ್ನಿನಲ್ಲಿ ನೆಲೆ ಸಿಕ್ಕ ವರ್ಷದಲ್ಲಿಯೇ, ಕನ್ನಡಕ್ಕೆ ಕಾಸರಗೋಡಿನಲ್ಲಿ ನೆಲೆ ಕೇಳುತ್ತಿದ್ದ ಧ್ವನಿಯೊಂದು ನಿಂತುಹೋಯಿತು.

ರಾತ್ರಿ ನಮ್ಮ ಮನೆಯವರು ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿದ್ದರು. ಊರಿನ ಹಪ್ಪಳವನ್ನೂ ಕರಿದರು. ಊಟವಾದ ಮೇಲೆ ಮಿತ್ರರು ಚೀಲದ ತಳದಿಂದ ಒಂದು ಕಾಗದದ ಕಟ್ಟನ್ನು ಹೊರತೆಗೆದರು. ಅದು ಅರ್ಜಿ, ಮುತ್ತು ಪೋಣಿಸಿದಂಥ ಕನ್ನಡ ಅಕ್ಷರಗಳಲ್ಲಿ ಬರೆದುದು. ಅವರ ಊರಿನ ಹತ್ತಿರದ ಒಂದು ಕನ್ನಡ ಶಾಲೆಗೆ ಕನ್ನಡವನ್ನೇ ಅರಿಯದ ಶಿಕ್ಷಕರನ್ನು ಕಳಿಸಿದ್ದರು. ಮಕ್ಕಳಿಗೆ ಅವರ ಪಾಠ ತಿಳಿಯದು, ಅವರಿಗೆ ಮಕ್ಕಳ ಪ್ರಶ್ನೆ ತಿಳಿಯದು. ಆ ಶಿಕ್ಷಕರದೂ ತಪ್ಪಿಲ್ಲ. ಹಾಕಿದಲ್ಲಿಗೆ ಬಂದವರು ಅವರು. ಊರವರು ಅರ್ಜಿ ಕೊಟ್ಟರು. ಕಚೇರಿಯ ಕಿಟಕಿಯಲ್ಲಿದ್ದವರು, "ಇದನ್ನು ಓದುವವರು ಇಲ್ಲಿ ಇಲ್ಲ" ಎಂದು ಹಿಂದಕ್ಕೆ ಕೊಟ್ಟರು. ಹೀಗೆ ಮೂರು ಸಲ ಆಯಿತು.

"ನೀನು ವಕೀಲ. ಇದನ್ನು ಇಂಗ್ಲಿಷಿನಲ್ಲಿ ಕಾನೂನಿನ ರೀತಿಯಲ್ಲಿ ಬರೆದುಕೊಡು" ಎಂದರು ಮಿತ್ರರು.

ನಾವು ವಕೀಲಿ ಉತ್ಸಾಹದಿಂದ, "ಸಂವಿಧಾನದ 350ನೆಯ ವಿಧಿಯಂತೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಅಹವಾಲು ಕೊಡಲು ನಿನಗೆ ಹಕ್ಕಿದೆ. 1956ರಲ್ಲಿ ಸೇರಿಸಿದ 350-ಎ ವಿಧಿಯಂತೆ ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವನ್ನು ತಾಯ್ನುಡಿಯಲ್ಲಿ ಕೊಡಲು ರಾಜ್ಯ ಪ್ರಯತ್ನಿಸತಕ್ಕದ್ದು" ಎಂದು ಹೇಳಿದೆವು.

"ವಿಧಿ ನನಗೂ ಗೊತ್ತು ಮಾರಾಯಾ. ಕಿಟಕಿಯಲ್ಲಿ ಕುಳಿತವನಿಗೆ ಗೊತ್ತಾಗಬೇಕಲ್ಲ!"

ನಮಗೆ ಉತ್ತರ ಹೊಳೆಯಲಿಲ್ಲ. ಅವರು ಮೆಲ್ಲನೆ ಮತ್ತೊಂದು ಪ್ರಶ್ನೆ ಹಾಕಿದರು. "ಇಲ್ಲಿಯ ಕೋರ್ಟಿನಲ್ಲಿ ಆರೋಪಿಗೆ ಇಂಗ್ಲಿಷು ಬಾರದಿದ್ದರೆ ಏನು ಮಾಡುತ್ತಾರೆ?"

"ಸರಕಾರದವರೇ ದುಭಾಷಿಯನ್ನು ಕೊಡುತ್ತಾರೆ."

"ಹಾಗಾದರೆ ಪರದೇಶದಲ್ಲಿ ಇರುವದು ನೀನೋ ನಾನೋ?"

ಆ ಪ್ರಶ್ನೆಯನ್ನು ಕೇಳಿ ಮಿತ್ರರು ಮಲಗಲು ಹೋದರು. ನಮಗೆ ನಿದ್ರೆ ಬರಲಿಲ್ಲ. ನಾವು ಇಷ್ಟಪಟ್ಟು, ಹಣದ ಆಸೆಗೆ, ಸಮುದ್ರ ದಾಟಿ ಬಂದು ಪರದೇಶಿಗಳಾದವರು. ಅವರು ಅಜ್ಜ ನೆಟ್ಟ ತೆಂಗಿನ ಕೆಳಗೆ ಕುಳಿತಿದ್ದಂತೆಯೇ ಪರದೇಶಿಗಳಾದರು. ಪರದೇಶವನ್ನು ನಾವು ಇಷ್ಟು ದಿನ ಮೈಲಿಗಳಿಂದ ಅಳೆಯುತ್ತಿದ್ದೆವು. ಆ ಅಳತೆಯೇ ತಪ್ಪು. ಯಾವ ಕಿಟಕಿಯಲ್ಲಿ ನಮ್ಮ ಮಾತು ಮಾತೆಂದು ಎಣಿಸಲ್ಪಡುವದಿಲ್ಲವೋ ಆ ಕಿಟಕಿಯ ಮುಂದೆಯೇ ಪರದೇಶ ಆರಂಭವಾಗುವದು. ಸಾಧನಕೇರಿಯ ದಂಡೆಯ ಮಾತನ್ನು ಅವರು ಇಡೀ ದಿನದಲ್ಲಿ ಒಮ್ಮೆಯೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನಮ್ಮ ಭಾರ ಇಳಿಯುತ್ತಿತ್ತೇನೋ.

ದೀಪ ಹಚ್ಚಿ ಕುಳಿತು ಬೆಳಗಿನ ನಾಲ್ಕು ಗಂಟೆಯವರೆಗೆ ಆ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದೆವು. ಆದರೆ ಕನ್ನಡದ ಮೂಲವನ್ನು ಮೇಲಿಟ್ಟು ಇಂಗ್ಲಿಷನ್ನು ಅದರ ಕೆಳಗೆ ಹೊಲಿದೆವು. 350ನೆಯ ವಿಧಿಯನ್ನು ಮೊದಲನೆಯ ಸಾಲಿನಲ್ಲಿಯೇ ಹಾಕಿ, ಇಂಗ್ಲಿಷು ಪ್ರತಿಯು ಅಧಿಕಾರಿಗಳ ಅನುಕೂಲಕ್ಕೆ ಮಾತ್ರ, ಅರ್ಜಿಯು ಕನ್ನಡದ್ದೇ ಎಂದು ಕಾಣಿಸಿದೆವು. ಬೆಳಿಗ್ಗೆ ಮಿತ್ರರು ಅದನ್ನು ಓದಿ, "ಇಷ್ಟು ವರ್ಷವಾದರೂ ನಿನ್ನ ಕೈಬರಹ ಸುಧಾರಿಸಲಿಲ್ಲ" ಎಂದು ಅಂಚಿನಲ್ಲಿ ಕನ್ನಡದಲ್ಲಿ ಬರೆದಿದ್ದ ಎರಡು ಮಾತುಗಳ ಕಾಗುಣಿತವನ್ನು ತಿದ್ದಿದರು. ರೈಲು ಹೊರಡುವಾಗ ನಾವು ಅವರ ಕೈಹಿಡಿದು, "ನಾನು ಬರುತ್ತೇನೆ" ಎಂದೆವು. ಅವರು, "ಬಾ. ಆದರೆ ಮಾತು ಕೊಡಬೇಡ" ಎಂದು ನಕ್ಕರು.

ಎಂಟು ತಿಂಗಳ ಮೇಲೆ ಆ ಶಾಲೆಗೆ ಕನ್ನಡ ಬಲ್ಲ ಶಿಕ್ಷಕರು ಬಂದರು. ನಮ್ಮ ಅರ್ಜಿಯಿಂದಲೇ ಬಂದರೆಂದು ಹೇಳಿಕೊಂಡರೆ ಸುಳ್ಳಾದೀತು. ಮಕ್ಕಳ ತಾಯ್ತಂದೆಗಳು ಶಾಲೆಯ ಬಾಗಿಲಲ್ಲಿ ದಿನಗಟ್ಟಲೆ ಕುಳಿತರು. ನೆರೆಯ ಮಲೆಯಾಳಿ ಬಂಧುಗಳಲ್ಲಿಯೂ ಕೆಲವರು ಬಂದು ಅವರೊಡನೆ ಕುಳಿತರು. ಈ ಕೊನೆಯ ಸಂಗತಿಯನ್ನು ನಾವು ಒತ್ತಿ ಹೇಳುತ್ತೇವೆ. ನಮ್ಮ ಜಗಳ ಮಲೆಯಾಳದೊಡನೆ ಅಲ್ಲ. ಸಪ್ತಭಾಷೆಗಳ ಆ ನೆಲದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಎಂದೂ ಭಾರವಾಗಿರಲಿಲ್ಲ. ನಮ್ಮ ರಾಜ್ಯದೊಳಗೂ ಬೇರೆ ತಾಯ್ನುಡಿಯ ಮಕ್ಕಳಿರುವರು. ಅವರಿಗೆ ನಮ್ಮ ಕಿಟಕಿಗಳು ಪರದೇಶವಾಗದಂತೆ ನೋಡಿಕೊಂಡರೆ ಮಾತ್ರ ಕಾಸರಗೋಡಿನ ಪರವಾಗಿ ಬಾಯಿ ತೆರೆಯುವ ಅಧಿಕಾರ ನಮಗೆ ಬರುವದು.

ನಾವು ಮರಳಿ ಬಂದಿರುವೆವು. ಮಿತ್ರರ ಆ ಒಂದು ಪ್ರಶ್ನೆಯೇ ಅದಕ್ಕೆ ಕಾರಣವೆಂದು ಹೇಳಿದರೆ ಅದೂ ಪೂರ್ಣ ಸತ್ಯವಾಗಲಾರದು. ಆದರೆ ಆ ಪ್ರಶ್ನೆ ಇಲ್ಲದಿದ್ದರೆ ಬರುತ್ತಿದ್ದಿಲ್ಲ. ಈಗ ವರ್ಷಕ್ಕೆ ಎರಡು ಸಲ ಕಾಸರಗೋಡಿಗೆ ಹೋಗಿ ಅಲ್ಲಿಯವರ ಅರ್ಜಿಗಳನ್ನು ಬರೆಯುವೆವು. ಮಾತು ಕೊಡದೆ ಹೋಗುವೆವು.

ಈ ಸಭೆಯಲ್ಲಿ ಶಿಕ್ಷಕ ಬಂಧುಗಳು ಬಹುಮಂದಿ ಇದ್ದೀರಿ. 1956ರಲ್ಲಿ ಮನೆಯ ಗೋಡೆ ಎದ್ದಿತು, 1973ರಲ್ಲಿ ಮನೆಗೆ ಕರ್ನಾಟಕವೆಂಬ ಹೆಸರಾಯಿತು. ಆದರೆ ಅಂಗಳದಾಚೆಗೆ ಉಳಿದವರನ್ನು ಊಟಕ್ಕೆ ಕರೆಯದೆ ಮನೆ ತುಂಬಿತೆನ್ನಲಾಗದು. ರಜೆಯಲ್ಲಿ ದೇವಾಲಯಗಳನ್ನು ನೋಡಲು ಹೋಗುವ ನೀವು ಒಮ್ಮೆ ಕಾಸರಗೋಡಿನ ಒಂದು ಕನ್ನಡ ಶಾಲೆಯನ್ನು ನೋಡಿ ಬನ್ನಿರಿ. ನಿಮ್ಮ ಶಾಲೆಯ ಮಕ್ಕಳಿಂದ ಅಲ್ಲಿಯ ಮಕ್ಕಳಿಗೆ ಕಾಗದ ಬರೆಯಿಸಿರಿ. ನಿಮ್ಮ ಮನೆಗೆ ಹಳೆಯ ಮಿತ್ರರು ದೂರದಿಂದ ಬಂದರೆ ಊರನ್ನು ತೋರಿಸುವ ಅವಸರ ಬೇಡ. ಮೊದಲು ಅವರ ಚೀಲದ ತಳದಲ್ಲಿ ಏನಿದೆಯೆಂದು ಕೇಳಿರಿ.